ರಸ್ತೆ ಕಿತ್ತ ಊರುಗಳನ್ನು ಮಂಡಿಪೇಟೆಯಿಂದ ನೋಡಿದ್ದು: ಗೂಗಲ್ ಅರ್ಥ್ ಪ್ರೊ ಬಗ್ಗೆ ನನ್ನ ಅನಿಸಿಕೆ

ಫ್ಲೈಓವರ್ ಬೇಕು, ಬೇಡ ಅಂತ ಟೀ ಅಂಗಡಿ ಮುಂದೆ ವಾದ ಮಾಡುವ ಎಲ್ಲರಿಗೂ ನಾನು ಒಂದೇ ಮಾತು ಹೇಳುತ್ತೇನೆ. ಮೊದಲು ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ. ಆಮೇಲೆ ಮಾತಾಡೋಣ.

ಫೋನಿನಲ್ಲಿರುವ ಮ್ಯಾಪ್ ಬಗ್ಗೆ ನಾನು ಹೇಳುತ್ತಿಲ್ಲ. ಇದು ಯಾವ ಊರನ್ನಾದರೂ ಆಕಾಶದಿಂದ ತೆಗೆದ ಚಿತ್ರದಲ್ಲಿ ತೋರಿಸುವ, ಕಂಪ್ಯೂಟರಿಗೆ ಹಾಕಿಕೊಳ್ಳುವ ಪ್ರೋಗ್ರಾಂ. ಹಿಂದೆ ಇದಕ್ಕೆ ವರ್ಷಕ್ಕೆ 399 ಡಾಲರ್ ಕಟ್ಟಬೇಕಿತ್ತು. 2015ರಿಂದ ಪೂರ್ತಿ ಉಚಿತ. ಬಿಲ್ಲಿಂಗ್‌ಗೆ ಇಟ್ಟಿರುವ ನಮ್ಮ ಅಂಗಡಿಯ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಶುರುವಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ.

ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮದು ದಾರ, ಬಟನ್, ಜಿಪ್, ಲೈನಿಂಗ್ ಬಟ್ಟೆಯ ಅಂಗಡಿ. ನನ್ನ ಗಿರಾಕಿಗಳೆಲ್ಲ ಟೈಲರ್‌ಗಳು. ಮಧ್ಯಾಹ್ನ ಊಟದ ಹೊತ್ತಿಗೆ ಯಾರೂ ಬರುವುದಿಲ್ಲ. ಇಲ್ಲೇ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳಿಗೆ ಒಂದು ಸೆಮಿನಾರ್ ಇತ್ತು. ಊರ ಮಧ್ಯೆ ಇದ್ದ ಹೆದ್ದಾರಿಯನ್ನು ಕಿತ್ತು, ಆ ಜಾಗದಲ್ಲಿ ಪೇಟೆ ಬೆಳೆಸಿದ ಊರುಗಳು ಅನ್ನೋದು ವಿಷಯ. ಅವಳ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಹಾಗಾಗಿ ನಮ್ಮ ಗಲ್ಲಾ ಪಕ್ಕದಲ್ಲೇ ಕೂತು ಕೆಲಸ ಮಾಡಿದಳು. ಅವಳ ಸೆಮಿನಾರ್ ಮುಗಿಯಿತು. ನನಗೆ ಮಾತ್ರ ನೋಡುವುದು ನಿಲ್ಲಿಸೋಕೆ ಆಗಲಿಲ್ಲ. ರಸ್ತೆ ಕೆಲಸ ಅಂದರೆ ಅಂಗಡಿಯವರಿಗೆ ಏನಾಗುತ್ತದೆ ಅನ್ನೋದು ನನಗೆ ಬದುಕಿನ ಪ್ರಶ್ನೆ.

ಈ ಪ್ರೋಗ್ರಾಂನ ಜೀವ ಒಂದು ಚಿಕ್ಕ ಬಟನ್‌ನಲ್ಲಿದೆ. ಮೇಲಿನ ಸಾಲಿನಲ್ಲಿ ಗಡಿಯಾರದ ಚಿತ್ರ ಕಾಣುತ್ತದೆ. ಅದನ್ನು ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರ ಮೇಲೆ ಸಣ್ಣ ಸಣ್ಣ ಗೆರೆಗಳು. ಒಂದೊಂದು ಗೆರೆಯೂ ಆ ಜಾಗವನ್ನು ಆಕಾಶದಿಂದ ತೆಗೆದ ಒಂದೊಂದು ಹಳೆಯ ಚಿತ್ರ. ಎಡಕ್ಕೆ ಎಳೆದರೆ ಹಿಂದಿನ ವರ್ಷಗಳು, ಬಲಕ್ಕೆ ಎಳೆದರೆ ಈಚಿನವು. 2024ರಿಂದ ವೆಬ್‌ನಲ್ಲೂ ಫೋನಿನಲ್ಲೂ ಹಳೆಯ ಚಿತ್ರ ನೋಡಬಹುದು. ಆದರೆ ದೊಡ್ಡ ಪರದೆ, ಮೌಸ್ ಇದ್ದರೇ ಚೆನ್ನ. ಇನ್ನೊಂದು ವಿಷಯ. ಎಡಗಡೆ ಪಟ್ಟಿಯಲ್ಲಿ 3ಡಿ ಕಟ್ಟಡಗಳು ಅಂತ ಇರುವ ಗುರುತನ್ನು ತೆಗೆದುಬಿಡಿ. ಇಲ್ಲದಿದ್ದರೆ ಇವತ್ತಿನ ಕಟ್ಟಡ ಕಣ್ಣಿಗೆ ಅಡ್ಡ ಬಂದು ಹಳೆಯದು ಗೊಂದಲವಾಗುತ್ತದೆ.

ಮೊದಲು ನೋಡಿದ್ದು ಅಮೆರಿಕದ ಮಿಲ್ವಾಕಿ. ಸೆಮಿನಾರ್‌ಗೆ ಅದೇ ಮುಖ್ಯ ಊರು. ನನಗೂ ಅದೇ ಜಾಸ್ತಿ ಕಲಿಸಿತು.

ಅಲ್ಲಿ ಪಾರ್ಕ್ ಈಸ್ಟ್ ಫ್ರೀವೇ ಅಂತ ಒಂದು ಎತ್ತರಿಸಿದ ಹೆದ್ದಾರಿ ಇತ್ತು. ಪೇಟೆಯ ಸುತ್ತ ಉಂಗುರದ ಹಾಗೆ ಹೆದ್ದಾರಿ ಕಟ್ಟಬೇಕು ಅಂತ ಯೋಜನೆ. ಅದರ ಒಂದು ತುಂಡು 1971ರಲ್ಲಿ ತೆರೆಯಿತು. ಮುಂದಕ್ಕೆ ಸರೋವರದವರೆಗೆ ಹೋಗಲಿ ಅಂತ ಮನೆಗಳನ್ನೂ ಕೆಡವಿಬಿಟ್ಟಿದ್ದರು. ಅಷ್ಟರಲ್ಲಿ ಜನ ಎದುರು ನಿಂತರು. ಕೆಲಸ ಅಲ್ಲಿಗೇ ನಿಂತಿತು. ಉಳಿದದ್ದು ಒಂದು ಮೈಲಿಗಿಂತ ಕಡಿಮೆ ಉದ್ದದ ರಸ್ತೆ. ಎಲ್ಲಿಗೂ ಸರಿಯಾಗಿ ಸೇರುವುದಿಲ್ಲ, ಆದರೆ ಅದರ ಎರಡೂ ಪಕ್ಕದ ಜಾಗ ಸತ್ತುಹೋಗಿತ್ತು. ಜಾನ್ ನಾರ್ಕ್ವಿಸ್ಟ್ ಅಂತ ಮೇಯರ್ ಇದ್ದರು. ಇದನ್ನು ರಿಪೇರಿ ಮಾಡುವುದಕ್ಕಿಂತ ಕಿತ್ತುಹಾಕುವುದೇ ಮೇಲು ಅಂತ ಪಟ್ಟು ಹಿಡಿದರು. 2002ರಲ್ಲಿ ಕೆಡವೋಕೆ ಶುರುಮಾಡಿ 2003ರಲ್ಲಿ ಮುಗಿಸಿದರು. ಆ ಜಾಗದಲ್ಲಿ ನೆಲದ ಮೇಲೆ ಸಾದಾ ರಸ್ತೆ ಬಂತು. ಸಿಗ್ನಲ್ ಇರುವ, ಜನ ದಾಟುವ ರಸ್ತೆ. ಅಡ್ಡರಸ್ತೆಗಳನ್ನು ಮತ್ತೆ ಜೋಡಿಸಿದರು. ಸುಮಾರು 24 ಎಕರೆ ಜಾಗ ಬಿಡುವಾಯಿತು. ನಮ್ಮ ಲೆಕ್ಕದಲ್ಲಿ 960 ಗುಂಟೆ. ಅದೂ ಪೇಟೆಯ ನಟ್ಟ ನಡುವೆ!

ಇಷ್ಟು ಅವಳ ನೋಟ್ಸ್‌ನಲ್ಲೇ ಇತ್ತು. ಗಡಿಯಾರದ ಪಟ್ಟಿ ಎಳೆದಾಗ ಕಂಡದ್ದು ನೋಟ್ಸ್‌ನಲ್ಲಿ ಇರಲಿಲ್ಲ.

ತುಂಬ ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿ ಹೆದ್ದಾರಿ ದಪ್ಪಗೆ ಕಾಣುತ್ತದೆ. ನದಿ ದಾಟಿ, ಸುತ್ತಿ ಇಳಿಯುವ ರಾಂಪ್‌ಗಳು. ಮುಂದಿನ ಚಿತ್ರದಲ್ಲಿ ಅದು ಇಲ್ಲ. ಸಂತೋಷವಾಯಿತು. ಮುಂದಕ್ಕೆ ಎಳೆದೆ. ಖಾಲಿ ಜಾಗ. ಇನ್ನೂ ಮುಂದಕ್ಕೆ. ಖಾಲಿ. ಒಂದು ಕಡೆ ಜಲ್ಲಿ, ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಕಾರು ನಿಲ್ಲಿಸಿದ್ದಾರೆ. ಹಿಮ ಬಿದ್ದ ಚಿತ್ರದಲ್ಲಿ ಬೆಳ್ಳಗೆ ಖಾಲಿ, ಬೇಸಿಗೆಯದರಲ್ಲಿ ಹಸಿರಾಗಿ ಖಾಲಿ. ಅಂಚಿನಲ್ಲಿ ಒಂದೆರಡು ಕಟ್ಟಡ ಬಂದವು, ನಡುವಿನದು ಹಾಗೇ ಇತ್ತು. 2008ರ ಆರ್ಥಿಕ ಹೊಡೆತ ಮಧ್ಯದಲ್ಲಿ ಬಂತು, ಕಟ್ಟುವವರೇ ಇರಲಿಲ್ಲ. 2016ರಲ್ಲಿ ಬಾಸ್ಕೆಟ್‌ಬಾಲ್ ಅರೀನಾದ, ಅಂದರೆ ಚಾವಣಿ ಇರುವ ದೊಡ್ಡ ಕ್ರೀಡಾಂಗಣದ ಕೆಲಸ ಶುರುವಾಯಿತು. ಆಗ ಅಗೆದ ಮಣ್ಣು, ಕ್ರೇನ್‌ಗಳು ಕಾಣುತ್ತವೆ. 2018ರಲ್ಲಿ ಆ ಅರೀನಾ ತೆರೆಯಿತು, ಹೆಸರು ಫೈಸರ್ವ್ ಫೋರಂ. ಅದರ ಬಾಗಿದ ದೊಡ್ಡ ಚಾವಣಿ ಈಚಿನ ಚಿತ್ರಗಳಲ್ಲಿ ಎದ್ದು ಕಾಣುತ್ತದೆ.

ಕೆಡವಿದ್ದು 2003. ದೊಡ್ಡದಾಗಿ ಏನಾದರೂ ಬಂದದ್ದು ಹದಿಮೂರು ವರ್ಷದ ಮೇಲೆ. "ರಸ್ತೆ ತೆಗೆದರು, ಪೇಟೆ ಬೆಳೆಯಿತು" ಅಂತ ಒಂದೇ ಉಸಿರಿನಲ್ಲಿ ಹೇಳುವವರಿಗೆ ಈ ಪಟ್ಟಿಯನ್ನು ಎಳೆಯೋಕೆ ಕೊಡಬೇಕು. ಹದಿಮೂರು ವರ್ಷ ಅಂದರೆ ಒಬ್ಬ ಚಿಕ್ಕ ವ್ಯಾಪಾರಿ ಸಾಲ ತೀರಿಸಿ, ಮಕ್ಕಳನ್ನು ಓದಿಸಿ ಮುಗಿಸುವ ಕಾಲ. ಅಷ್ಟು ದಿನ ಎದುರಿಗೆ ಖಾಲಿ ಸೈಟು ನೋಡಿಕೊಂಡು ಯಾರು ಕೂರುತ್ತಾರೆ?

ಇನ್ನೊಂದು ವಿಷಯ ತಿಳಿದಾಗ ನನಗೆ ಸಿಟ್ಟೇ ಬಂತು. ಆ ಖಾಲಿ ಜಾಗದಲ್ಲಿ ದೊಡ್ಡ ಭಾಗವನ್ನು ಅಲ್ಲಿನ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಸರ್ಕಾರ ಅರೀನಾ ಕಟ್ಟುವ ಬಾಸ್ಕೆಟ್‌ಬಾಲ್ ತಂಡದ ಮಾಲೀಕರಿಗೆ ಒಂದು ಡಾಲರ್‌ಗೆ ಕೊಟ್ಟಿತು. ಒಂದೇ ಒಂದು ಡಾಲರ್. ಅರೀನಾ ಕಟ್ಟೋಕೆ ಜನರ ದುಡ್ಡು 25 ಕೋಟಿ ಡಾಲರ್ ಬೇರೆ. ಅದೇ ಜಾಗವನ್ನು ಚಿಕ್ಕ ಚಿಕ್ಕ ಸೈಟು ಮಾಡಿ, ಕೆಳಗೆ ಅಂಗಡಿ ಮೇಲೆ ಮನೆ ಅಂತ ನೂರಾರು ಜನಕ್ಕೆ ಕೊಡಬಹುದಿತ್ತು ಅಲ್ವಾ? ಹಾಗಂತ ಹೆದ್ದಾರಿ ಕಿತ್ತದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕಿತ್ತದ್ದು ಸರಿಯೇ. ಹಳೆಯ ಚಿತ್ರ, ಹೊಸ ಚಿತ್ರ ಪಕ್ಕ ಪಕ್ಕ ಇಟ್ಟರೆ ಯಾವುದರಲ್ಲಿ ಮನುಷ್ಯ ನಡೆದು ಹೋಗಬಹುದು ಅನ್ನೋದು ಕಾಣುತ್ತದೆ. ಕಿತ್ತ ಮೇಲೆ ಜಾಗ ಯಾರಿಗೆ ಅನ್ನೋದನ್ನು ಮೊದಲೇ ಬರೆದಿಡಬೇಕಿತ್ತು.

ಇಲ್ಲಿ ಅಳತೆಯ ಉಪಕರಣದ ಬಗ್ಗೆ ಹೇಳಲೇಬೇಕು. ರೂಲರ್ ಒತ್ತಿ, ಪಾಲಿಗಾನ್ ಅಂತ ಆರಿಸಿ, ಜಾಗದ ಸುತ್ತ ಮೂಲೆ ಮೂಲೆಗೆ ಕ್ಲಿಕ್ ಮಾಡುತ್ತಾ ಹೋದರೆ ಎಷ್ಟು ಎಕರೆ ಅಂತ ತಾನೇ ತೋರಿಸುತ್ತದೆ. ದಿನಾ ಲೇಸು, ಎಲಾಸ್ಟಿಕ್ ಮೀಟರ್ ಲೆಕ್ಕದಲ್ಲಿ ಅಳೆದು ಕೊಡುವ ನನಗೆ ಇದು ತುಂಬ ಇಷ್ಟವಾಯಿತು. ಪೇಪರಿನಲ್ಲಿ ಬಂದ ಅಂಕಿಯನ್ನು ನಂಬಬೇಕಾಗಿಲ್ಲ, ಅಳೆದು ನೋಡಬಹುದು. ಮೊದಲ ಸಲವೇ ಕೈಗೆ ಹತ್ತುತ್ತದೆ.

ಅಮೆರಿಕದ್ದೇ ಇನ್ನೊಂದು ಊರು ರಾಚೆಸ್ಟರ್ ಬೇರೆ ಥರ. ಅಲ್ಲಿ ಇನ್ನರ್ ಲೂಪ್ ಅನ್ನುವ ಹೆದ್ದಾರಿ ನೆಲಕ್ಕಿಂತ ಕೆಳಗೆ, ಕಂದಕದ ಒಳಗೆ ಪೇಟೆಯನ್ನು ಸುತ್ತುತ್ತಿತ್ತು. ಅದರ ಪೂರ್ವ ಭಾಗಕ್ಕೆ 2014ರಿಂದ 2017ರವರೆಗೆ ಮಣ್ಣು ತುಂಬಿ ಮುಚ್ಚಿದರು. ಮೇಲೆ ಸಾದಾ ರಸ್ತೆ, ಸೈಕಲ್ ದಾರಿ. ಬಿಡುವಾದದ್ದು ಸುಮಾರು 6 ಎಕರೆ ಅಷ್ಟೇ. ಆದರೆ ಪಟ್ಟಿ ಎಳೆದರೆ ಕೆಲವೇ ವರ್ಷದಲ್ಲಿ ಸಾಲಾಗಿ ಮನೆಗಳು ಎದ್ದಿವೆ. ಮಿಲ್ವಾಕಿಯಲ್ಲಿ ಕಾದದ್ದು ಇಲ್ಲಿ ಕಾಯಲಿಲ್ಲ. ತುಂಡು ಚಿಕ್ಕದಾಗಿದ್ದರೆ ಕಟ್ಟುವವರು ಬೇಗ ಸಿಗುತ್ತಾರೆ ಅಂತ ನನ್ನ ಅಂದಾಜು. ಚಿತ್ರಗಳೂ ಸ್ಪಷ್ಟವಾಗಿವೆ. ಹೊಸದಾಗಿ ಕಲಿಯುವವರು ಈ ಊರಿನಿಂದಲೇ ಶುರುಮಾಡಲಿ.

ಅಮೆರಿಕದ್ದೇ ಸಿಯಾಟಲ್‌ಗೆ ಬಂದಾಗ ಆಕಾಶದ ಚಿತ್ರ ಸಾಲದು ಅನಿಸಿತು. ಅಲ್ಲಿ ಸಮುದ್ರದ ದಡದಲ್ಲಿ ಎರಡು ಅಂತಸ್ತಿನ ಮೇಲ್ಸೇತುವೆ ಇತ್ತು. 1953ರಲ್ಲಿ ತೆರೆದದ್ದು, ಹೆಸರು ಅಲಾಸ್ಕನ್ ವೇ ವಯಾಡಕ್ಟ್. 2001ರ ಭೂಕಂಪದಲ್ಲಿ ಪೆಟ್ಟು ತಿಂದಿತ್ತು. 2019ರ ಜನವರಿಯಲ್ಲಿ ಮುಚ್ಚಿ, ಅದೇ ವರ್ಷ ಕೆಡವಿದರು. ಗಾಡಿಗಳಿಗೆ ನೆಲದಡಿ ಸುರಂಗ ಕೊರೆದರು. ಗೂಗಲ್ ಮ್ಯಾಪ್ಸ್‌ನಲ್ಲಿ ರಸ್ತೆ ಮೇಲೇ ನಿಂತು ನೋಡಿದ ಹಾಗೆ ತೋರಿಸುವ ಸ್ಟ್ರೀಟ್ ವ್ಯೂ ತೆರೆದರೆ ಹಳೆಯ ದಿನಾಂಕಗಳನ್ನೂ ಆರಿಸಿಕೊಳ್ಳಬಹುದು. ಹಾಗೆ ಹಿಂದಕ್ಕೆ ಹೋಗಿ, ಈಗ ಇಲ್ಲದ ಆ ಸೇತುವೆಯ ಮೇಲಂತಸ್ತಿನ ಮೇಲೆ ನಿಂತುಕೊಂಡೆ. ಎಡಕ್ಕೆ ತಿರುಗಿಸಿದರೆ ತಗ್ಗು ಗೋಡೆ, ಅದರಾಚೆ ನೀಲಿ ನೀರು. ಅಕ್ಕನ ಮಗಳು ಹೇಳಿದಳು, ಈ ನೋಟ ಹೋಗುತ್ತದೆ ಅಂತಲೇ ಅಲ್ಲಿ ಕೆಲವರು ಬೇಜಾರು ಮಾಡಿಕೊಂಡರಂತೆ. ಕಾರಿದ್ದವರಿಗೆ ಪುಕ್ಕಟೆ ಸಿಗುತ್ತಿದ್ದ ನೋಟ ಅದು. ನಂತರ ಅದೇ ಜಾಗಕ್ಕೆ ಕೆಳಗೆ ಇಳಿದು, ಹಳೆಯ ದಿನಾಂಕದಲ್ಲೇ ನೋಡಿದೆ. ಸೇತುವೆ ಕೆಳಗೆ ಕತ್ತಲು, ಕಂಬದ ನಡುವೆ ನಿಲ್ಲಿಸಿದ ಕಾರುಗಳು. ಆಮೇಲೆ ಹೊಸ ದಿನಾಂಕ ಆರಿಸಿದರೆ ಬಿಸಿಲು. ಪೈಕ್ ಪ್ಲೇಸ್ ಅನ್ನುವ ಹಳೆಯ ಮಾರುಕಟ್ಟೆಯಿಂದ ದಡಕ್ಕೆ ಇಳಿಯೋಕೆ 2024ರಲ್ಲಿ ಒಂದು ದೊಡ್ಡ ನಡೆದಾರಿ ತೆರೆದಿದ್ದಾರೆ. ಮಾರುಕಟ್ಟೆಗೆ ಜನ ನಡೆದು ಬರುವ ದಾರಿ ಅಂದಾಗ ನನ್ನ ಕಣ್ಣು ಅಲ್ಲೇ ನಿಂತಿತು.

ಸ್ಯಾನ್ ಫ್ರಾನ್ಸಿಸ್ಕೋದ ಎಂಬಾರ್ಕಡೆರೊ ಹೆದ್ದಾರಿ ತುಂಬ ಹಳೆಯ ಕಥೆ. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಹಾಳಾಗಿ, 1991ರಿಂದ ಕೆಡವಿದ್ದು. ಅದಕ್ಕೂ ಮೊದಲು 1986ರಲ್ಲಿ ಕೆಡವೋಣವೇ ಅಂತ ಮತಕ್ಕೆ ಹಾಕಿದಾಗ ಜನ ಬೇಡ ಅಂದಿದ್ದರು. ಭೂಕಂಪದ ಮೇಲೂ ಚೈನಾಟೌನ್‌ನ, ಅಂದರೆ ಚೀನಾ ಮೂಲದವರ ಪೇಟೆಯ ವ್ಯಾಪಾರಿಗಳು ಬಲವಾಗಿ ವಿರೋಧಿಸಿದರು. ಗಿರಾಕಿ ಬರುವ ದಾರಿ ಮುಚ್ಚುತ್ತದೆ ಅನ್ನೋ ಭಯ. ಆ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಅಂಗಡಿ ಮುಂದೆ ಒಮ್ಮೆ ಚರಂಡಿಗೆ ಅಂತ ಅಗೆದು, ಹಲಗೆ ಕೂಡ ಹಾಕದೆ ಬಿಟ್ಟಿದ್ದರು. ವಯಸ್ಸಾದ ಟೈಲರ್‌ಗಳು ಗುಂಡಿ ದಾಟಲಾರದೆ ಬೇರೆ ಕಡೆ ಹೋಗಿಬಿಟ್ಟರು. ಕೆಲವರು ವಾಪಸ್ ಬರಲೇ ಇಲ್ಲ. ಆದ್ದರಿಂದ ವ್ಯಾಪಾರಿಗಳು ಅಭಿವೃದ್ಧಿಗೆ ಅಡ್ಡ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕೊನೆಗೆ ಆ ಹೆದ್ದಾರಿ ಹೋಯಿತು. ಅದರ ಹಿಂದೆ ಮುಚ್ಚಿಹೋಗಿದ್ದ 1898ರ ಫೆರಿ ಬಿಲ್ಡಿಂಗ್ ಅನ್ನುವ ಹಳೆಯ ದೋಣಿ ನಿಲ್ದಾಣ 2003ರಲ್ಲಿ ಮಾರುಕಟ್ಟೆಯಾಗಿ ತೆರೆಯಿತು.

ದಕ್ಷಿಣ ಕೊರಿಯಾದ ಸಿಯೋಲ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಚೊಂಗ್ಗೆಚೊನ್ ಅನ್ನುವ ಹಳ್ಳವನ್ನು ಕಾಂಕ್ರೀಟ್‌ನಿಂದ ಮುಚ್ಚಿ, ಅದರ ಮೇಲೆ ಐದೂವರೆ ಕಿಲೋಮೀಟರಿಗೂ ಉದ್ದದ ಮೇಲ್ಸೇತುವೆ ಕಟ್ಟಿದ್ದರು. ಸೇತುವೆ, ಕೆಳಗಿನ ರಸ್ತೆ ಎರಡೂ ಸೇರಿ ದಿನಕ್ಕೆ 1,60,000ಕ್ಕೂ ಹೆಚ್ಚು ಗಾಡಿ. ಮೇಯರ್ ಲೀ ಮ್ಯುಂಗ್ ಬಾಕ್ 2003ರ ಜುಲೈ 1ರಂದು ಕೆಡವೋಕೆ ಶುರುಮಾಡಿಸಿದರು. 2005ರ ಅಕ್ಟೋಬರ್ 1ಕ್ಕೆ ನೀರು ಹರಿಯುವ ಹಳ್ಳ ತೆರೆಯಿತು. ನಡುವೆ, 2004ರ ಜುಲೈನಲ್ಲಿ, ಇಡೀ ಊರಿನ ಬಸ್ ವ್ಯವಸ್ಥೆಯನ್ನೇ ಬದಲಾಯಿಸಿದರು. ರಸ್ತೆ ಮಧ್ಯದಲ್ಲಿ ಬಸ್ಸಿಗೇ ಬೇರೆ ದಾರಿ, ಬಸ್ಸಿಗೂ ಮೆಟ್ರೋಗೂ ಒಂದೇ ಕಾರ್ಡ್. ಇದು ಮುಖ್ಯ. ಗಾಡಿ ಬಿಟ್ಟು ಬರುವ ಜನಕ್ಕೆ ಬೇರೆ ದಾರಿ ಕೊಟ್ಟಿದ್ದರು.

ಹಳ್ಳದ ನೀರು ತಾನಾಗಿ ಹರಿಯುವುದಲ್ಲ, ದಿನಾ ಪಂಪ್ ಮಾಡಿ ಬಿಡುತ್ತಾರೆ. ಅದರ ಬಗ್ಗೆ ಟೀಕೆ ಇದೆ. ನನಗೆ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ನಾನು ಹುಡುಕಿದ್ದು ಹಳ್ಳದ ಪಕ್ಕದ ಬೀದಿಗಳನ್ನು. ಅಲ್ಲಿ ಪ್ಯೊಂಗ್ವಾ ಮಾರುಕಟ್ಟೆ ಇದೆ. ಸುತ್ತಮುತ್ತ ಬಟ್ಟೆ, ದಾರ, ಬಟನ್ ವ್ಯಾಪಾರದ ದೊಡ್ಡ ಪೇಟೆ. ನನ್ನದೇ ಕಸುಬಿನವರು! 1970ರ ನವೆಂಬರ್ 13ರಂದು ಚೊನ್ ತೇ ಇಲ್ ಅನ್ನುವ ಹೊಲಿಗೆ ಕೆಲಸದ ಯುವಕ, ಕಾರ್ಮಿಕರಿಗೆ ನ್ಯಾಯ ಬೇಕು ಅಂತ ಮೈಗೆ ಬೆಂಕಿ ಹಚ್ಚಿಕೊಂಡದ್ದು ಈ ಮಾರುಕಟ್ಟೆಯ ಮುಂದೆಯೇ. ಅದೇ ದಿನ ಆಸ್ಪತ್ರೆಯಲ್ಲಿ ಸತ್ತ. ಈಗ ಹಳ್ಳದ ಒಂದು ಸೇತುವೆಯ ಮೇಲೆ ಅವನ ಪ್ರತಿಮೆ ಇದೆ.

ಸೇತುವೆ ಕೆಡವುವಾಗ ಕೆಳಗೆ ಬೀದಿ ವ್ಯಾಪಾರ ಮಾಡುತ್ತಿದ್ದವರನ್ನು ಹತ್ತಿರದ ಹಳೆಯ ದೊಂಗ್‌ದೇಮುನ್ ಕ್ರೀಡಾಂಗಣಕ್ಕೆ ಕಳಿಸಿದರು. ಕೆಲವೇ ವರ್ಷದಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದರು. ಅವರು ಮತ್ತೆ ಗಂಟು ಮೂಟೆ ಕಟ್ಟಿದರು. ಕ್ರೀಡಾಂಗಣದ ಜಾಗದಲ್ಲಿ 2014ರಲ್ಲಿ ಹೆಸರಾಂತ ವಾಸ್ತುಶಿಲ್ಪಿ ಝಹಾ ಹದೀದ್ ವಿನ್ಯಾಸ ಮಾಡಿದ ಬೆಳ್ಳಿ ಬಣ್ಣದ ಕಟ್ಟಡ ತೆರೆಯಿತು. ಮೇಲಿನಿಂದ ನೋಡಿದರೆ ಥಳಥಳ ಹೊಳೆಯುತ್ತದೆ. ಅಂಗಡಿ ಇದ್ದವರಿಗೆ ಅಂತ ಊರಿನ ಇನ್ನೊಂದು ಮೂಲೆಯಲ್ಲಿ ಗಾರ್ಡನ್ 5 ಅನ್ನುವ ಸಂಕೀರ್ಣ ಕಟ್ಟಿಸಿದರು. ಅದು ಪೂರ್ತಿ ತೆರೆದದ್ದು 2010ರಲ್ಲಿ. ಬೆಲೆ ಹೆಚ್ಚಾಗಿ ಬಹಳಷ್ಟು ಜನ ಹೋಗಲೇ ಆಗಲಿಲ್ಲ. ಹಳ್ಳದ ಪಕ್ಕದ ಜಾಗದ ಬೆಲೆ ಮಾತ್ರ ಏರಿತು.

ಇದ್ಯಾವುದೂ ಚಿತ್ರದಲ್ಲಿ ಕಾಣುವುದಿಲ್ಲ. ಚಾವಣಿ ಕಾಣುತ್ತದೆ, ಚಾವಣಿ ಕೆಳಗೆ ಯಾರಿದ್ದರು ಅನ್ನೋದು ಕಾಣುವುದಿಲ್ಲ. ಆಕಾಶದಿಂದ ತೆಗೆದ ಯಾವ ಚಿತ್ರಕ್ಕೂ ಇದೇ ಮಿತಿ. ಆದ್ದರಿಂದ ಯಾರಾದರೂ ಮುಂಚೆ ಹೀಗಿತ್ತು, ಆಮೇಲೆ ಹೀಗಾಯಿತು ಅಂತ ಎರಡು ಚಿತ್ರ ತೋರಿಸಿದರೆ, ನಡುವೆ ಇದ್ದ ಅಂಗಡಿಗಳು ಎಲ್ಲಿ ಹೋದವು ಅಂತ ಕೇಳಿ. ಅಕ್ಕನ ಮಗಳ ಸೆಮಿನಾರ್‌ನಲ್ಲಿ ಇದಕ್ಕೇ ಒಂದು ಪುಟ ಹಾಕಿಸಿದೆ.

ನಮ್ಮ ತುಮಕೂರು ಇದರಲ್ಲಿ ಹೇಗಿದೆ? ಈಚಿನ ವರ್ಷಗಳ ಚಿತ್ರ ಹತ್ತಿರ ಹತ್ತಿರ ಸಿಗುತ್ತವೆ. ಹಿಂದಕ್ಕೆ ಹೋದಂತೆ ನಡುವಿನ ಅಂತರ ಜಾಸ್ತಿ. 1984ರಿಂದ ವರ್ಷ ವರ್ಷ ತೋರಿಸುವ ಟೈಮ್‌ಲ್ಯಾಪ್ಸ್ ಬೇರೆ ಇದೆ, ಆದರೆ ಅದರ ಹಳೆಯ ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ 30 ಮೀಟರ್. ಊರು ಬೆಳೆದದ್ದು ಕಾಣುತ್ತದೆ, ಒಂದು ರಸ್ತೆ ಕಾಣುವುದಿಲ್ಲ. ಗಡಿಯಾರದ ಪಟ್ಟಿಯಲ್ಲಿ ಅಮಾನಿಕೆರೆ ನೋಡಿ. ಬಿ.ಎಚ್. ರಸ್ತೆಯನ್ನು ಬಟವಾಡಿಯಿಂದ ಊರೊಳಗೆ ಹಿಂಬಾಲಿಸಿ. ಬೈಪಾಸ್ ಪಕ್ಕ ಹೊಲ ಇದ್ದದ್ದು ಲೇಔಟ್ ಆದದ್ದು ನೋಡಿ. ನಮ್ಮಲ್ಲಿ ಊರ ಮಧ್ಯೆ ಕೀಳಬೇಕಾದ ಮೇಲ್ಸೇತುವೆ ಇಲ್ಲ. ದೂರದ ಲಾರಿಗಳು ಬೈಪಾಸ್ ಹಿಡಿಯುತ್ತವೆ, ಒಳಗಿನ ರಸ್ತೆ ಊರಿನವರಿಗೆ ಉಳಿದಿದೆ. ಮಿಲ್ವಾಕಿ, ಸಿಯೋಲ್ ಎರಡೂ ಕಟ್ಟಿ, ಮೂವತ್ತು ವರ್ಷ ಅನುಭವಿಸಿ, ಮತ್ತೆ ದುಡ್ಡು ಹಾಕಿ ಕಿತ್ತವು. ಟ್ರಾಫಿಕ್ ಜಾಸ್ತಿಯಾಯಿತು, ಪೇಟೆ ಮೇಲೆ ಒಂದು ಫ್ಲೈಓವರ್ ಹಾಕಿಬಿಡಿ ಅನ್ನುವವರು ಆ ಖರ್ಚನ್ನು ಮೊದಲು ಲೆಕ್ಕ ಹಾಕಲಿ. ನನಗಂತೂ ಬೇಡ. ಬಸ್ ಜಾಸ್ತಿ ಬರಲಿ, ಫುಟ್‌ಪಾತ್ ಸರಿಯಾಗಲಿ, ಅಂಗಡಿವರೆಗೆ ಜನ ನಡೆದು ಬರುವಂತಾಗಲಿ.

ಬಳಸುವವರಿಗೆ ಕೆಲವು ಮಾತು. ನೆಟ್ ಚೆನ್ನಾಗಿರಬೇಕು, ಪ್ರತಿ ಚಿತ್ರವೂ ಆಗಲೇ ಇಳಿಯುತ್ತದೆ. ಚಿತ್ರದ ದಿನಾಂಕ ಕೆಳಗೆ ಚಿಕ್ಕದಾಗಿ ಇರುತ್ತದೆ, ಪ್ರಿಂಟ್ ತೆಗೆಯುವಾಗ ಅದನ್ನೂ ಬರೆದುಕೊಳ್ಳಿ. ಒಂದೇ ವರ್ಷದ ಎರಡು ಚಿತ್ರ ಇದ್ದರೆ ಮೋಡ ಇಲ್ಲದ್ದನ್ನು ಆರಿಸಿ. ಮಕ್ಕಳಿಗೆ ಕೊಟ್ಟರೆ ಮೊದಲು ತಮ್ಮ ಮನೆ ಹುಡುಕುತ್ತಾರೆ, ಹುಡುಕಲಿ ಬಿಡಿ.

ಪ್ಲೇಸ್‌ಮಾರ್ಕ್ ಅಂತ ಹಳದಿ ಪಿನ್ ಇದೆ. ನಕ್ಷೆಯ ಮೇಲೆ ಚುಚ್ಚಿ, ಹೆಸರು ಬರೆದು, ಫೈಲ್ ಮಾಡಿ ಇಟ್ಟುಕೊಳ್ಳಬಹುದು. ನಾನು ನಮ್ಮ ಬೀದಿಯ ಅಂಗಡಿಗಳಿಗೆ ಒಂದೊಂದೇ ಪಿನ್ ಹಾಕುತ್ತಿದ್ದೇನೆ. ಏನು ವ್ಯಾಪಾರ, ಎಷ್ಟು ವರ್ಷದಿಂದ, ಸ್ವಂತದ್ದೋ ಬಾಡಿಗೆಯೋ, ಎಷ್ಟು ಜನ ಕೆಲಸಕ್ಕಿದ್ದಾರೆ, ಇಷ್ಟು. ಕೇಳಿ, ಒಪ್ಪಿದವರದ್ದು ಮಾತ್ರ. ಬೆಲ್ಲದ ಮಂಡಿಯವರು, ಹಗ್ಗದ ಅಂಗಡಿಯವರು, ಸ್ಟೀಲ್ ಪಾತ್ರೆಯವರು ಹೇಳಿದ್ದಾರೆ. ನಾಳೆ ಯಾವುದೇ ರಸ್ತೆ ಯೋಜನೆಯ ಸಭೆ ಕರೆದರೂ ಈ ಫೈಲ್ ತೆಗೆದುಕೊಂಡು ಹೋಗುವುದು ನನ್ನ ಉದ್ದೇಶ. ನಿಮ್ಮ ಬೀದಿಗೂ ಮಾಡಿಕೊಳ್ಳಬೇಕು ಅನಿಸಿದರೆ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಅಂಗಡಿಗೆ ಬನ್ನಿ, ಹೇಗೆ ಅಂತ ತೋರಿಸಿಕೊಡುತ್ತೇನೆ. ಪೆನ್‌ಡ್ರೈವ್ ತಂದರೆ ನಮ್ಮ ಫೈಲನ್ನೂ ಹಾಕಿಕೊಡುತ್ತೇನೆ. ಭಾನುವಾರ ರಜೆ.